ದಿನಾ ಫೋನ್ ಮಾಡ್ತೇವೆ, ಮಾತಾಡುದು ಎಂತ? ಗಲ್ಫಲ್ಲಿ ಕಾಂಟ್ರಾಕ್ಟ್ ಮೇಲೆ ಇರುವವರು ಹೇಳಿ

ಕೋಟೇಶ್ವರದವ
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಕಡೆಯವ, ಸೌದಿಯ ಜುಬೈಲಲ್ಲಿ ಪೈಪ್ ಫಿಟ್ಟರ್. ಎರಡು ವರ್ಷದ ಕಾಂಟ್ರಾಕ್ಟ್, ಈಗ ನಡೀತಿರುದು ಎರಡನೇ ಸಲದ್ದು. ಸಂಬಳ ಟೈಮಿಗೆ ಬರ್ತದೆ, ಕ್ಯಾಂಪ್ ಅಡ್ಡಿಲ್ಲ, ದೊಡ್ಡ ಕಷ್ಟ ಅಂತ ಹೇಳ್ಲಿಕ್ಕೆ ಎಂತದೂ ಇಲ್ಲ, ಅದಕ್ಕೇ ಯಾರ ಹತ್ರ ಹೇಳಿಕೊಳ್ಳುದು ಅಂತಲೂ ಗೊತ್ತಾಗುದಿಲ್ಲ. ವಿಷ್ಯ ಇಷ್ಟೇ. ದಿನಾ ಮನೆಗೆ ಫೋನ್ ಮಾಡ್ತೇನೆ, ಊಟ ಆಯ್ತಾ, ಆಯ್ತು, ನಿಮ್ದು, ಆಯ್ತು, ಮಳೆ ಉಂಟಾ, ಉಂಟು, ಅಲ್ಲಿ ಸೆಖೆಯಾ, ಸೆಖೆ, ಮುಗೀತು. ಮತ್ತೆ ಇಬ್ರೂ ಸುಮ್ಮನೆ. ಮಗನಿಗೆ ನಾಲ್ಕು ವರ್ಷ, ಫೋನ್ ಕೈಗೆ ಕೊಟ್ರೆ "ಪಪ್ಪ ಹಾಯ್" ಅಂದು ಫೋನನ್ನ ನೆಲದ ಮೇಲೆ ಬಿಟ್ಟು ಓಡ್ತಾನೆ, ಆಮೇಲೆ ನಾನು ನಮ್ಮನೆ ಸೀಲಿಂಗ್ ಫ್ಯಾನ್ ನೋಡ್ತಾ ಕೂತಿರುದು. ಫ್ಯಾನಿನ ಒಂದು ರೆಕ್ಕೆಗೆ ಬಲೆ ಕಟ್ಟಿದ್ದೂ ಕಾಣ್ತದೆ.

ಬೇರೆಯವರು ಹೇಗೆ ಮಾಡ್ತೀರಿ? ದಿನಾ ಮಾಡ್ಬೇಕಾ, ವಾರಕ್ಕೆರಡು ಸಲ ಸಾಕಾ? ಇನ್ನೊಂದು, ಈ ಕಾಂಟ್ರಾಕ್ಟ್ ಮುಗಿಲಿಕ್ಕೆ ಬಂತು, ರಿನ್ಯೂ ಮಾಡುದಾ ಬೇಡ್ವಾ ಅಂತ ತಲೆ ಕೆಟ್ಟಿದೆ.

ಬೆಳ್ತಂಗಡಿ ರಿಗ್ಗರ್
ಮಾರಾಯ್ರೆ ಮೊದ್ಲು ನೀವು ಫೋನ್ ಮಾಡುವ ಟೈಮ್ ಹೇಳಿ. ರಾತ್ರಿ ತಾನೆ? ಅಲ್ಲೇ ಇರುದು ಪ್ರಾಬ್ಲಮ್. ನಾವು ಸೈಟಿಂದ ಬಂದು, ಬಾತ್ರೂಮ್ ಕ್ಯೂ ಮುಗಿಸಿ, ಕಿಚನಲ್ಲಿ ಸ್ಟವ್ ಖಾಲಿ ಆಗುವುದನ್ನ ಕಾದು, ಅನ್ನ ಸಾರು ಮಾಡಿ ಉಂಡು ಮುಗಿಸುವಾಗ ಎಂಟು ಗಂಟೆ. ಊರಲ್ಲಿ ಆಗ ಹತ್ತೂವರೆ. ಮಗು ಮಲಗಿರ್ತದೆ, ಇಲ್ಲ ನಿದ್ದೆಗಣ್ಣಲ್ಲಿ ಹಠ ಮಾಡ್ತಿರ್ತದೆ, ಹೆಂಗಸರಿಗೆ ಪಾತ್ರೆ ತೊಳೆದು ಸೊಂಟ ಬಿದ್ದುಹೋಗಿರ್ತದೆ, ಅವರತ್ರ ಎಂತ ಮಾತು ಬರ್ತದೆ ಹೇಳಿ.

ನಾನು ಬೆಳಗ್ಗೆ ಬಸ್ಸಲ್ಲಿ ಮಾಡುದು. ನಾಲ್ಕೂವರೆಗೆ ಕ್ಯಾಂಪಿಂದ ಬಸ್ ಹೊರಟ್ರೆ ಊರಲ್ಲಿ ಏಳು ಗಂಟೆ, ಮಗಳು ಶಾಲೆಗೆ ರೆಡಿ ಆಗ್ತಾ ಇರ್ತಾಳೆ. ಯಾರ ಹತ್ರವೂ ಪ್ರಶ್ನೆ ಕೇಳ್ಬೇಕಂತಿಲ್ಲ, ಫೋನನ್ನ ಅಡುಗೆಮನೆ ಕಿಟಕಿಯಲ್ಲಿ ಇಟ್ಟುಬಿಡ್ತಾರೆ, ಅಲ್ಲಿ ಸಾಕ್ಸ್ ಸಿಗುದಿಲ್ಲ, ದೋಸೆ ಕರಟ್ತದೆ, ಅಜ್ಜಿ ಬೈತಾರೆ, ನಾನು ಕೇಳ್ತಾ ಕೂರುದು. ಪ್ಲಾಂಟ್ ಗೇಟ್ ಬರುವವರೆಗೆ ಮಾತ್ರ, ಒಳಗೆ ಕ್ಯಾಮೆರಾ ಇರುವ ಫೋನ್ ಬಿಡುದಿಲ್ಲ ಅಲ್ವಾ, ಗೇಟಲ್ಲೇ ಲಾಕರಲ್ಲಿ ಹಾಕ್ಬೇಕು. ಪಕ್ಕದ ಸೀಟಿನ ಬಿಹಾರದವನಿಗೆ ಈಗ ನನ್ನ ಮಗಳ ಟೈಮ್ ಟೇಬಲ್ ಬಾಯಿಪಾಠ.

ಬೀದರ್ ಎಸಿ ಮೆಕ್ಯಾನಿಕ್
ನಾ ರಿಯಾದ್‌ನ್ಯಾಗ ಅದೀನ್ರಿ, ಬತ್ಹಾ ಹತ್ರ ರೂಮು. ಕ್ಯಾಂಪ್ ಇಲ್ರಿ ನಮಗ, ಹಳೀ ಬಿಲ್ಡಿಂಗ್‌ನ್ಯಾಗ ಒಂದು ರೂಮಿಗೆ ಆರ್ ಮಂದಿ. ಅಣ್ಣಾರ ನೀವು ಮಾತು ಬರಂಗಿಲ್ಲ ಅಂತೀರಿ, ನಮ್ಮಲ್ಲಿ ಮಾತಾಡಾಕ ಜಾಗಾನ ಇಲ್ಲ. ಹೇಣ್ತಿ ಜೋಡಿ ಏನರ ಮನಸಿನ ಮಾತು ಆಡ್ಬೇಕಂದ್ರ ಮ್ಯಾಲಿನ ಬೆಡ್‌ನಂವ ಕೇಳ್ತಿರ್ತಾನ, ಅಂವ ಕೇಳ್ಲಿಲ್ಲಂದ್ರೂ ಕೇಳ್ತಾನ ಅಂತ ನಮಗ ಅನಸ್ತದ. ಕೆಳಗಿನ ಬೆಡ್‌ಗೆ ಬೆಡ್‌ಶೀಟ್ ಪರದಾ ಕಟ್ಟೀನಿ, ಖರೆ ದನಿ ತಡೀತದೇನ್ ಅದು? ಟೆರೇಸಿಗೆ ಹೋದ್ರ ನೀರಿನ ಟ್ಯಾಂಕ್ ಸುತ್ತ ಒಬ್ಬೊಬ್ರು ಒಂದೊಂದು ಮೂಲಿ ಹಿಡ್ಕೊಂಡು ನಿಂತಿರ್ತಾರ, ಮಲಯಾಳಿ, ನೇಪಾಳಿ, ಬಂಗಾಲಿ, ಎಲ್ಲಾರೂ ಗ್ವಾಡಿ ಕಡೆ ಮಾರಿ ಮಾಡಿ ಸಣ್ಣ ದನಿಲೆ ಮಾತಾಡ್ತಿರ್ತಾರ. ಅದಕ್ಕ ನಾ ವಾಯ್ಸ್ ಮೆಸೇಜ್ ಕಳಸ್ತೀನ್ರಿ. ಸರ್ವಿಸ್ ಕಾಲ್‌ಗೆ ಹೋಗುವಾಗ ವ್ಯಾನ್‌ನ್ಯಾಗ ಒಬ್ಬನ ಇರ್ತೀನಿ, ಆಗ ಏನ್ ನೆನಪಾತದ ಅದನ್ನ ಹೇಳಿ ಕಳಸೋದು. ಆಕಿನೂ ಹೊಲಕ್ಕ ಹೋಗುವಾಗ ಕಳಸ್ತಾಳ. ಲೈವ್ ಮಾತಾಡಿದ್ರ ಇಬ್ರೂ ಊಟ ಆತೇನು ಅಂತನ ಕೇಳ್ತೀವಿ.

ಊರಲ್ಲೇ ಇರೋಳು
ನಾನು ಗಲ್ಫಲ್ಲಿಲ್ಲ, ಗಂಡ ಅಬುಧಾಬಿಯಲ್ಲಿ. ಇಲ್ಲಿ ಬರೀಬಹುದೋ ಇಲ್ವೋ, ಬರೀತೀನಿ. ಕೋಟೇಶ್ವರದ ಅಣ್ಣ, ನಿಮ್ಮ ಮನೆಯವರಿಗೂ ಇದೇ ಅನ್ನಿಸ್ತಿರತ್ತೆ, ಅವರು ಬರೆಯೋದಿಲ್ಲ ಅಷ್ಟೇ. ನಮ್ಮವರು ಹೇಗಿದೀರಿ ಅಂದ್ರೆ ಆರಾಮ್ ಅಂತಾರೆ. ಜ್ವರ ಬಂದು ಮಲಗಿದ್ದು ರೂಮ್‌ಮೇಟ್ ಹೆಂಡತಿಯಿಂದ ಗೊತ್ತಾಗತ್ತೆ. ನಾನೂ ಅಷ್ಟೇ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದನ್ನ ಪ್ಲಾಸ್ಟರ್ ಬಿಚ್ಚಿದ ಮೇಲೆ ಹೇಳಿದ್ದು. ಅಲ್ಲಿಂದ ಏನು ಮಾಡಕ್ಕಾಗತ್ತೆ, ಸುಮ್ನೆ ನಿದ್ದೆ ಕೆಡ್ತಾರೆ ಅಂತ. ಹೇಳೋ ವಿಷಯ ಎಲ್ಲಾ ಹೀಗೆ ಮುಚ್ಚಿಟ್ಟುಬಿಟ್ರೆ ಉಳಿಯೋದು ಊಟ ಆಯ್ತಾ ಮಾತ್ರ.

ಇನ್ನೊಂದು ಹೇಳ್ಬಿಡ್ತೀನಿ. ಹೋದ ಸಲ ರಜಕ್ಕೆ ಬಂದಾಗ ಸಿಸಿಟಿವಿ ಹಾಕಿಸಿ ಹೋದ್ರು, ಅಂಗಳಕ್ಕೊಂದು ಜಗುಲಿಗೊಂದು. ಕಳ್ಳರ ಭಯಕ್ಕೆ ಅಂದ್ರು. ಈಗ ಗೇಟ್ ಹತ್ರ ಯಾರು ನಿಂತಿದ್ರೂ ಫೋನ್ ಬರತ್ತೆ, ಯಾರದು, ಬಿಳಿ ಸ್ಕೂಟಿ ಯಾರದ್ದು, ಅಡಿಕೆ ಯಾಕಿನ್ನೂ ಒಳಗೆ ಹಾಕಿಲ್ಲ ಮೋಡ ಆಗಿದೆ. ನನ್ನ ಜೊತೆ ಮಾತಾಡೋದಕ್ಕಿಂತ ಅಂಗಳದ ಜೊತೆ ಮಾತಾಡೋದೇ ಜಾಸ್ತಿ.

ಮುಸಫ್ಫಾ ಡ್ರೈವರ್
ಅಕ್ಕಾ ಕೋಪ ಮಾಡ್ಕೋಬೇಡಿ, ನಾನೂ ಹಾಕ್ಸಿದೀನಿ ಕ್ಯಾಮೆರಾ. ಅನುಮಾನಕ್ಕೆ ಅಲ್ಲ ಸ್ವಾಮಿ. ಇಲ್ಲಿ ಟ್ರೇಲರ್ ಲೋಡಿಂಗ್‌ಗೆ ಹಾಕಿ ಐದಾರು ಗಂಟೆ ಕಾಯ್ಬೇಕು, ಸುತ್ತ ಬರೀ ಮರಳು ಮತ್ತೆ ಕಂಟೇನರ್. ಆಗ ಆ ಆ್ಯಪ್ ತೆಗೆದು ಮನೆ ಮುಂದೆ ಮಳೆ ಬರೋದನ್ನ ನೋಡ್ತೀನಿ. ಸೌಂಡ್ ಇರೋ ಕ್ಯಾಮೆರಾ, ಹಂಚಿನ ಮೇಲೆ ನೀರು ಬೀಳೋದು ಕೇಳ್ಸತ್ತೆ. ಅದಕ್ಕೂ ಬೇಡ ಅಂದ್ರೆ ಹೆಂಗೆ.

ಊರಲ್ಲೇ ಇರೋಳು
ಮಳೆ ನೋಡಿ, ಯಾರು ಬೇಡ ಅಂದ್ರು. ಮಳೆ ನೋಡ್ತಾ ಇದೀನಿ ಅಂತ ನನಗೂ ಒಂದು ಮಾತು ಹೇಳಿ. ಯಾವಾಗ ನೋಡ್ತಾರೋ ಯಾವಾಗ ಇಲ್ವೋ ಗೊತ್ತಾಗದೆ ನಮ್ಮ ಜಗುಲಿ ಮೇಲೆ ನಾವೇ ನೈಟಿ ಸರಿ ಮಾಡ್ಕೊಂಡು ಓಡಾಡೋ ಹಾಗಾಗಿದೆ.

ಬೆಳ್ತಂಗಡಿ ರಿಗ್ಗರ್
ಅಕ್ಕ ಹೇಳಿದ್ದು ಸರಿ ಉಂಟು. ಜಗುಲಿದು ತೆಗೆಸಿ, ಗೇಟಿಂದು ಸಾಕು.

ಮೂಡಬಿದ್ರೆ ಹಿರಿಯ
ನಾನು 80ರ ದಶಕದಲ್ಲಿ ದಮ್ಮಾಮಲ್ಲಿದ್ದವ, ಈಗ ಊರಲ್ಲಿ ತೋಟ ನೋಡ್ಕೊಂಡು ಉಂಟು. ನಮ್ಮ ಕಾಲದಲ್ಲಿ ಕ್ಯಾಸೆಟ್. ಟೇಪ್ ರೆಕಾರ್ಡರಲ್ಲಿ ಒಂದು ಸೈಡ್ ಪೂರ್ತಿ ಮಾತಾಡಿ, ಊರಿಗೆ ಹೋಗುವವರ ಕೈಲಿ ಕೊಟ್ಟು ಕಳಿಸುವುದು. ಮನೆಯವರು ಇನ್ನೊಂದು ಸೈಡಲ್ಲಿ ತುಂಬಿಸಿ ಕಳಿಸುವುದು. ತಿಂಗಳುಗಟ್ಟಲೆ ಆಗ್ತಿತ್ತು ಬರುವಾಗ. ಅದ್ರಲ್ಲಿ ನಾಯಿ ಬೊಗಳಿದ್ದು, ನೆರೆಮನೆಯವರು ಹಾಲು ಕೇಳಿಕೊಂಡು ಬಂದದ್ದು, ಎಲ್ಲ ಇರ್ತಿತ್ತು. ಈಗಿನವರಿಗೆ ದಿನಾ ಮುಖ ನೋಡ್ಲಿಕ್ಕೆ ಸಿಕ್ಕಿಯೂ ಮಾತಿಲ್ಲ ಅಂತಾರೆ.

ಕುವೈತ್ ಸಿಸ್ಟರ್
ಹಿರಿಯರೇ, ಗೌರವ ಇಟ್ಟೇ ಹೇಳ್ತೀನಿ, ಆಗ ಚೆನ್ನಾಗಿತ್ತು ಅನ್ನೋದು ಬೇಡ ಕಣ್ರೀ. ಕ್ಯಾಸೆಟ್ ಬರೋವರೆಗೆ ಬದುಕಿದಾರೋ ಇಲ್ವೋ ಗೊತ್ತಿಲ್ಲದೆ ಕಾಯ್ತಿದ್ದವರು ಮನೇಲಿದ್ದ ಹೆಂಗಸರು, ಅವರನ್ನ ಕೇಳಿ.

ನಾನು ಶಿವಮೊಗ್ಗದವಳು, ಕಾಂಟ್ರಾಕ್ಟ್ ಸ್ಟಾಫ್ ನರ್ಸ್. ಮಗಳು ನಮ್ಮಮ್ಮನ ಹತ್ರ ಇದಾಳೆ. 2024ರ ಜೂನ್ 12, ಇಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರಿದ್ದ ಬಿಲ್ಡಿಂಗಿಗೆ ಬೆಳಗಿನ ಜಾವ ಬೆಂಕಿ ಬಿತ್ತಲ್ಲ, ಜನ ಇನ್ನೂ ಮಲಗಿದ್ದ ಹೊತ್ತು, ನಮ್ಮ ದೇಶದವರೇ 45 ಜನ ಹೋದ್ರು. ನನ್ನ ಬಿಲ್ಡಿಂಗ್ ಅಲ್ಲಿಂದ ಎಷ್ಟೋ ದೂರ. ಆದ್ರೆ ಅಮ್ಮ ಟಿವೀಲಿ ಕುವೈತ್ ಅಂತ ನೋಡಿದ್ದಾರೆ ಅಷ್ಟೇ, ಅವರಿಗೆ ಮಂಗಾಫ್ ಯಾವುದು ಅಬ್ಬಾಸಿಯಾ ಯಾವುದು ಗೊತ್ತಿಲ್ಲ, ನಾನು ನೈಟ್ ಡ್ಯೂಟಿ ಮುಗಿಸಿ ಫೋನ್ ಆಫ್ ಮಾಡಿ ಮಲಗಿದ್ದೆ. ಎದ್ದು ನೋಡಿದ್ರೆ ಊರಿನ ಎಲ್ಲರ ಮಿಸ್ ಕಾಲ್. ಎರಡು ದಿನ ಆದ್ಮೇಲೆ ವಾಯುಪಡೆ ವಿಮಾನದಲ್ಲಿ ದೇಹಗಳನ್ನ ಕೊಚ್ಚಿಗೆ ತಂದ್ರು, ಆ ಸಾಲು ಪೆಟ್ಟಿಗೆಗಳನ್ನೂ ಅಮ್ಮ ನೋಡಿದ್ರು. ಆಮೇಲೆ ನಾನು ಬಿಲ್ಡಿಂಗ್ ಹೆಸರು, ಬ್ಲಾಕ್ ನಂಬರ್, ರೂಮ್‌ಮೇಟ್ ನಂಬರ್, ಹಾಸ್ಪಿಟಲ್ ವಾರ್ಡ್ ನಂಬರ್ ಎಲ್ಲಾ ಒಂದು ಹಾಳೇಲಿ ಬರೆಸಿ ಕ್ಯಾಲೆಂಡರ್ ಹಿಂದೆ ಅಂಟಿಸಿದೀನಿ. ದಯವಿಟ್ಟು ಎಲ್ಲರೂ ಮಾಡಿ. ನಮ್ಮಲ್ಲಿ ಎಷ್ಟೋ ಜನರ ಮನೇಲಿ "ದುಬೈಯಲ್ಲಿದಾನೆ" ಅನ್ನೋದು ಬಿಟ್ರೆ ಕಂಪನಿ ಹೆಸರೂ ಗೊತ್ತಿರಲ್ಲ. ಹಾಗೇ ನೀವಿರೋ ಬಿಲ್ಡಿಂಗಿನ ಟೆರೇಸ್ ಬಾಗಿಲಿಗೆ ಬೀಗ ಹಾಕಿದಾರಾ ನೋಡಿ, ರೂಮಿಗೆ ಪ್ಲೈವುಡ್ ಪಾರ್ಟಿಶನ್ ಹಾಕಿದ್ರೆ ಬೇರೆ ರೂಮ್ ನೋಡ್ಕೊಳ್ಳಿ.

ಕೋಟೇಶ್ವರದವ
ಸಿಸ್ಟರ್, ಆ ಹಾಳೆ ಇವತ್ತೇ ಬರೆಸ್ತೇನೆ. ನಮ್ಮ ಮನೆಯಲ್ಲಿ ಜುಬೈಲ್ ಅಂತ ಮಾತ್ರ ಗೊತ್ತಿರುದು, ನಿಜ.

ಬೆಳಗ್ಗೆ ಬಸ್ಸಲ್ಲಿ ಫೋನ್ ಮಾಡುವ ಐಡಿಯ ಇವತ್ತು ನೋಡಿದೆ. ಮಗ ಹಲ್ಲುಜ್ಜುದಿಲ್ಲ ಅಂತ ಅಂಗಳದಲ್ಲಿ ಓಡ್ತಾ ಇದ್ದ. ಗೇಟ್ ಬಂತು, ಕಟ್ ಮಾಡ್ಬೇಕಾಯ್ತು.

ಅಕ್ಕ ಹೇಳಿದ್ದಕ್ಕೆ ಒಂದು ಮಾತು. ಎಲ್ಲ ಹೇಳಿದ್ರೆ ಅವರು ಹೆದರ್ತಾರಲ್ವಾ? ಈಗ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಇಲ್ಲಿ ಹನ್ನೆರಡರಿಂದ ಮೂರು ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಮನೆಯಲ್ಲಿ ಪೇಪರಲ್ಲಿ ಓದಿ, ಓ ಮೂರು ಗಂಟೆ ರೆಸ್ಟ್ ಉಂಟಲ್ಲ ಅಂತ ಖುಷಿ. ರೆಸ್ಟ್ ಅಂದ್ರೆ ಸೈಟಿನ ಶೆಡ್ಡಲ್ಲಿ ಕಾರ್ಟನ್ ಬಾಕ್ಸ್ ಬಿಡಿಸಿ ಹಾಸಿ, ಕವರಾಲ್ ಸೊಂಟದವರೆಗೆ ಇಳಿಸಿ ಮಲಗುದು, ಎಸಿ ಇದ್ರೂ ನೂರಾರು ಜನರ ಶೂ ವಾಸನೆ. ಟಾಯ್ಲೆಟ್ ಗೋಡೆಗೆ ಮೂತ್ರದ ಬಣ್ಣದ ಚಾರ್ಟ್ ಹಾಕಿದಾರೆ, ತಿಳಿ ಇದ್ರೆ ಪರ್ವಾಗಿಲ್ಲ, ಕಂದು ಇದ್ರೆ ಮೆಡಿಕ್ ಹತ್ರ ಹೋಗು ಅಂತ. ದಿನಾ ಆ ಚಾರ್ಟ್ ನೋಡಿ ನೋಡಿ ನನ್ನ ಬಣ್ಣ ಯಾವ ನಂಬರ್ ಅಂತ ನನಗೆ ಗೊತ್ತು. ಇದನ್ನೆಲ್ಲ ಹೆಂಡ್ತಿಗೆ ಹೇಳುದಾ?

ಊರಲ್ಲೇ ಇರೋಳು
ಹೇಳಿ! ಇದನ್ನೇ ಹೇಳಿ ಅಂತಿರೋದು. ನಮ್ಮವರು ಈ ಚಾರ್ಟ್ ವಿಷಯ ಹೇಳಿದ್ರೆ ನಾನು ಒಂದು ವಾರ ಅವರನ್ನ ದಿನಾ ಯಾವ ನಂಬರು ಅಂತ ಕೇಳಿ ನಗಾಡ್ತಿದ್ದೆ.

ಬೀದರ್ ಎಸಿ ಮೆಕ್ಯಾನಿಕ್
ಯಕ್ಕಾ 😂 ಇನ್ನ ಮ್ಯಾಲೆ ಊಟ ಆತೇನು ಬಿಟ್ಟು ಇದನ್ನ ಕೇಳ್ರಿ.

ಭಟ್ಕಳದ ಅಡುಗೆಯವ
ಊಟದ ಮಾತು ಬಂತಲ್ಲ ಅದಕ್ಕೆ ಬರೀತಿದ್ದೇನೆ. ನಾನು ಕ್ಯಾಂಪ್ ಮೆಸ್ಸಲ್ಲಿ ಕುಕ್. ಯಾರಾದ್ರೂ ರಜೆ ಮುಗಿಸಿ ಊರಿಂದ ಬರುವಾಗ ಅಮ್ಮಂದಿರು ಕಟ್ಟಿ ಕೊಡ್ತಾರಲ್ಲ, ಕುಚ್ಚಲಕ್ಕಿ, ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣ ಸಿಗಡಿ, ಎಲ್ಲ ತನ್ನಿ, ಆದ್ರೆ ಗಸಗಸೆ ಮಾತ್ರ ಬೇಡವೇ ಬೇಡ. ಸೌದಿಯಲ್ಲೂ ಯುಎಇಯಲ್ಲೂ ಕತಾರಲ್ಲೂ ಅದು ಡ್ರಗ್ಸ್ ಲೆಕ್ಕ. ನಮ್ಮಲ್ಲಿ ಪಾಯಸಕ್ಕೆ ಹಾಕ್ತೇವೆ, ಮಸಾಲೆ ಪುಡಿಗೆ ಹಾಕ್ತೇವೆ, ಅಮ್ಮನಿಗೆ ಎಂತ ಗೊತ್ತು, ಒಂದು ಪೊಟ್ಟಣ ಬ್ಯಾಗಿನ ಮೂಲೆಯಲ್ಲಿ ಇಟ್ಟಿರ್ತಾರೆ. ಸಿಕ್ಕಿಬಿದ್ರೆ ಜೈಲು, ನೀವು ಎಷ್ಟು ಪಾಯಸ ಅಂದ್ರೂ ಕೇಳುವವರಿಲ್ಲ. ಬ್ಯಾಗನ್ನ ನೀವೇ ಪ್ಯಾಕ್ ಮಾಡಿ, ಪಕ್ಕದ ಮನೆಯವರು ನಮ್ಮ ಹುಡುಗನಿಗೆ ಕೊಡಿ ಅಂತ ಕೊಟ್ಟ ಪಾರ್ಸೆಲ್ಲನ್ನ ಅವರ ಎದುರೇ ಬಿಚ್ಚಿ ನೋಡಿ, ನಾಚಿಕೆ ಮಾಡ್ಬೇಡಿ.

ಕುವೈತ್ ಸಿಸ್ಟರ್
ಮಾತ್ರೆ ವಿಷಯಾನೂ ಸೇರಿಸ್ತೀನಿ. ಟ್ರಮಡಾಲ್, ಕೋಡೀನ್ ಇರೋ ಕೆಮ್ಮಿನ ಸಿರಪ್ಪು ಇವೆಲ್ಲ ಇಲ್ಲಿ ಕಂಟ್ರೋಲ್ಡ್. ಸೊಂಟನೋವಿಗೆ ಊರಿನ ಮೆಡಿಕಲ್ ಶಾಪಲ್ಲಿ ಕೊಟ್ಟಿದ್ದನ್ನ ಬ್ಯಾಗಿಗೆ ಹಾಕ್ಕೊಂಡು ಬರ್ಬೇಡಿ. ಬಿಪಿ ಶುಗರ್ ಮಾತ್ರೆಗೂ ಡಾಕ್ಟರ ಚೀಟಿ ಜೊತೇಲಿರಲಿ.

ಹಾವೇರಿ ಹುಡುಗ
ನಮಸ್ಕಾರ್ರಿ ಎಲ್ಲಾರಿಗೂ. ನಂದು ಐಟಿಐ ಎಲೆಕ್ಟ್ರಿಷಿಯನ್ ಆಗೇತಿ. ಒಬ್ಬ ಏಜೆಂಟ್ ದುಬೈ ಕೆಲಸ ಐತಿ, 1 ಲಕ್ಷ 20 ಸಾವಿರ ಕೊಡು, ಮೊದಲ ವಿಸಿಟ್ ವೀಸಾದ ಮ್ಯಾಲೆ ಹೋಗು, ಅಲ್ಲಿ ಹೋದ ಮ್ಯಾಲೆ ಕಂಪನಿ ವೀಸಾ ಮಾಡಿಸ್ತೇವಿ ಅಂತಾನ. ಹೋಗ್ಬೋದೇನ್ರಿ? ನೀವೆಲ್ಲಾ ಬ್ಯಾಸರದ ಮಾತ ಬರದೀರಿ, ಆದ್ರ ಇಲ್ಲಿ 14 ಸಾವಿರಕ್ಕ ದುಡಿಯೋದಕ್ಕಿಂತ ಬೇಶಿ ಅಲ್ಲೇನ್ರಿ.

ಮುಸಫ್ಫಾ ಡ್ರೈವರ್
ತಮ್ಮಾ ದುಡ್ಡು ಕೊಟ್ಟಿದೀಯಾ? ಕೊಡದಿದ್ರೆ ಕೊಡ್ಬೇಡ. ವಿಸಿಟ್ ವೀಸಾದಲ್ಲಿ ಕೆಲಸ ಮಾಡಿದ್ರೆ ಕಾನೂನು ಪ್ರಕಾರ ನೀನೇ ತಪ್ಪಿತಸ್ಥ, ಸಂಬಳ ಕೊಡದಿದ್ರೆ ಎಲ್ಲಿ ಕಂಪ್ಲೇಂಟ್ ಕೊಡ್ತೀಯ? ನಾನು ನೋಡಿದೀನಿ, ಪಾರ್ಕಲ್ಲಿ ಮಲಗ್ತಿದ್ದ ಹುಡುಗ್ರನ್ನ.

ರಿಜಿಸ್ಟರ್ ಆದ ಏಜೆಂಟ್ ತಗೋಬಹುದಾದ ಸರ್ವಿಸ್ ಚಾರ್ಜೇ 30 ಸಾವಿರ, ಮೇಲೆ ಜಿಎಸ್‌ಟಿ. ಲಕ್ಷ ಕೇಳ್ದ ಅಂದ್ರೆ ಅಲ್ಲೇ ಗೊತ್ತಾಯ್ತು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಅವನ ಲೈಸೆನ್ಸ್ ನಂಬರ್ ಹಾಕಿ ನೋಡು, ಬರ್ಲಿಲ್ಲ ಅಂದ್ರೆ ಅವನು ಏಜೆಂಟೇ ಅಲ್ಲ. ಬೆಂಗಳೂರಲ್ಲಿ ಹೊರದೇಶಕ್ಕೆ ಕೆಲಸಕ್ಕೆ ಹೋಗೋರನ್ನ ನೋಡ್ಕೊಳ್ಳೋ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಆಫೀಸ್ ಇದೆ, ಅಲ್ಲಿ ಹೋಗಿ ಕೇಳ್ಬಹುದು. ರಾಜ್ಯ ಸರ್ಕಾರದ್ದೇ ಅಂತರರಾಷ್ಟ್ರೀಯ ವಲಸೆ ಕೇಂದ್ರನೂ ಇದೆ.

ಬೆಳ್ತಂಗಡಿ ರಿಗ್ಗರ್
ಇನ್ನೊಂದು, ನೀನು ಹತ್ತನೇ ಪಾಸಾದವ ಆದ್ರೆ ಪಾಸ್‌ಪೋರ್ಟಲ್ಲಿ ಇಸಿಆರ್ (ಹೊರದೇಶಕ್ಕೆ ಕೆಲಸಕ್ಕೆ ಹೋಗ್ಲಿಕ್ಕೆ ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು) ಅಂತ ಬರುದಿಲ್ಲ, ಎಮಿಗ್ರೇಷನ್ ಕ್ಲಿಯರೆನ್ಸ್ ಬೇಡ, ಅದಕ್ಕೇ ಇಂಥ ಏಜೆಂಟರಿಗೆ ನಿನ್ನಂಥವರೇ ಸುಲಭ. ಇಸಿಆರ್ ಇರುವವರು ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸ್ಲೇಬೇಕು, ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಆಕ್ಸಿಡೆಂಟಲ್ಲಿ ಸತ್ರೆ ಅಥ್ವಾ ಕೈಕಾಲು ಹೋದ್ರೆ 10 ಲಕ್ಷ. ನಮ್ಮ ಕ್ಯಾಂಪಲ್ಲಿ ಅರ್ಧ ಜನರಿಗೆ ಪಾಲಿಸಿ ಇರುದೇ ಗೊತ್ತಿಲ್ಲ, ಮನೆಯವರಿಗೆ ಅಂತೂ ಇಲ್ಲವೇ ಇಲ್ಲ. ಸಿಸ್ಟರ್ ಹೇಳಿದ ಆ ಹಾಳೆಯಲ್ಲಿ ಪಾಲಿಸಿ ನಂಬರನ್ನೂ ಬರೆಸಿ.

14 ಸಾವಿರದ ಮಾತು ಹೇಳಿದೆಯಲ್ಲ ತಮ್ಮ, ಅದಕ್ಕೆ ನಮ್ಮ ಹತ್ರ ಉತ್ತರ ಇಲ್ಲ. ನಾವೂ ಅದಕ್ಕೇ ಬಂದದ್ದು. ಬಾ, ಆದ್ರೆ ಸರಿಯಾದ ಎಂಪ್ಲಾಯ್ಮೆಂಟ್ ವೀಸಾದಲ್ಲಿ ಬಾ, ಕಾಂಟ್ರಾಕ್ಟಲ್ಲಿ ಬೇಸಿಕ್ ಎಷ್ಟು ಅಲೋವೆನ್ಸ್ ಎಷ್ಟು ಅಂತ ಬೇರೆ ಬೇರೆ ನೋಡು. ಒಟ್ಟು ದೊಡ್ಡ ನಂಬರ್ ತೋರಿಸಿ ಬೇಸಿಕ್ ಚಿಕ್ಕದು ಇಟ್ಟಿರ್ತಾರೆ. ದುಬೈಯಲ್ಲಿ ಸರ್ವಿಸ್ ದುಡ್ಡು, ಅಂದ್ರೆ ಕೆಲಸ ಬಿಟ್ಟು ಹೋಗುವಾಗ ಸಿಗುವ ದುಡ್ಡು, ಬೇಸಿಕ್ ಮೇಲೇ ಲೆಕ್ಕ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು.

ಕೋಟೇಶ್ವರದವ
ಸರ್ವಿಸ್ ಮಾತು ಬಂತಲ್ಲ, ಸೌದಿಯಲ್ಲಿ ಹೇಗೆ? ನಾನು ರಿನ್ಯೂ ಮಾಡದಿದ್ರೆ ಸಿಗುದು ಎಷ್ಟು? ಒಬ್ಬ ಪೂರ್ತಿ ಅಂತಾನೆ ಇನ್ನೊಬ್ಬ ಮೂರರಲ್ಲಿ ಒಂದು ಪಾಲು ಅಂತಾನೆ.

ಮೂಡಬಿದ್ರೆ ಹಿರಿಯ
ಇಬ್ಬರು ಹೇಳುದೂ ಸರಿ, ಆದ್ರೆ ಬೇರೆ ಬೇರೆ ಕೇಸು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಐದರ ನಂತರ ವರ್ಷಕ್ಕೊಂದು ಪೂರ್ತಿ ತಿಂಗಳು. ನಿಮ್ಮದು 2,000 ರಿಯಾಲ್ ಅಂತ ಇಟ್ಕೊಳ್ಳಿ, ನಾಲ್ಕು ವರ್ಷ ಆದ್ರೆ 4,000. ಕಾಂಟ್ರಾಕ್ಟಿನ ಅವಧಿ ಮುಗಿದು ಹೊರಟ್ರೆ ಈ ಪೂರ್ತಿ 4,000 ಸಿಗ್ಬೇಕು. ಮಧ್ಯದಲ್ಲಿ ರಾಜೀನಾಮೆ ಕೊಟ್ರೆ ಎರಡರಿಂದ ಐದು ವರ್ಷದೊಳಗಿನವರಿಗೆ ಮೂರರಲ್ಲಿ ಒಂದು ಪಾಲು ಮಾತ್ರ, ಸುಮಾರು 1,333. ಎರಡು ವರ್ಷದೊಳಗೆ ಬಿಟ್ರೆ ಸೊನ್ನೆ. ಈಗ ಕೇಳಿ, ಮುಖ್ಯ ವಿಷ್ಯ. ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ ಕೆಲವು ಕಡೆ ಆಫೀಸಿನವರು ಫಾರ್ಮಾಲಿಟಿ ಅಂತ ಒಂದು ಕಾಗದಕ್ಕೆ ಸೈನ್ ಹಾಕಿಸ್ತಾರೆ, ಅರಬ್ಬಿಯಲ್ಲಿ ಇರ್ತದೆ, ಅದು ರಾಜೀನಾಮೆ ಆಗಿರ್ತದೆ. ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ನೋಡದೆ ಸೈನ್ ಹಾಕ್ಲೇಬೇಡಿ. ಸೌದಿ ಸರ್ಕಾರದ ಕಿವಾ ವೆಬ್‌ಸೈಟಲ್ಲಿ ನಿಮ್ಮ ಕಾಂಟ್ರಾಕ್ಟ್ ಕಾಣ್ತದೆ, ಮುಗಿಯುವ ತಾರೀಕು, ರಿನ್ಯೂ ಬೇಡ ಅಂತ ಎಷ್ಟು ದಿನ ಮೊದ್ಲು ತಿಳಿಸ್ಬೇಕು, ಅದ್ರಲ್ಲೇ ಉಂಟು. ಅದ್ರ ಸ್ಕ್ರೀನ್‌ಶಾಟ್ ತೆಗೆದಿಡಿ.

ಮತ್ತೆ ಊರಿಗೇ ಬರ್ಬೇಕಂತಲೂ ಇಲ್ಲ. 2021ರ ಮಾರ್ಚಿಂದ ಕಾಂಟ್ರಾಕ್ಟ್ ಮುಗಿದ್ರೆ ಹಳೇ ಕಂಪನಿಯ ಒಪ್ಪಿಗೆ ಇಲ್ಲದೆಯೂ ಬೇರೆ ಕಡೆ ಹೋಗಬಹುದು. ಊರಿಗೆ ಹೋಗಿ ವಾಪಸ್ ಬರುವ ಎಕ್ಸಿಟ್ ರೀಎಂಟ್ರಿ ವೀಸಾವನ್ನೂ ನೀವೇ ಸರ್ಕಾರದ ಆ್ಯಪ್ ಅಬ್ಶಿರ್‌ನಲ್ಲಿ ಹಾಕಬಹುದು. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಪಾಸ್‌ಪೋರ್ಟ್ ಕಫೀಲನ, ಅಂದ್ರೆ ನಮ್ಮನ್ನ ಕರೆಸಿಕೊಂಡ ಮಾಲೀಕನ, ಕಪಾಟಲ್ಲಿ. ಸಿಸ್ಟರ್ ಬೈದದ್ದಕ್ಕೆ ಇದನ್ನೂ ಬರೆದೆ.

ಭಟ್ಕಳದ ಅಡುಗೆಯವ
ಮನೆ ಡ್ರೈವರ್, ಮನೆಕೆಲಸದವರಿಗೆ ಆ 2021ರ ರೂಲ್ ಇಲ್ಲ, ಅದನ್ನೂ ಹೇಳಿ. ನನ್ನ ತಮ್ಮ ಹೌಸ್ ಡ್ರೈವರ್, ಅವನ ಕತೆಯೇ ಬೇರೆ, ಇನ್ನೊಂದ್ಸಲ ಬರೀತೇನೆ.

ಕೋಟೇಶ್ವರದವ
ತುಂಬ ಉಪಕಾರ ಆಯ್ತು. ಕಿವಾ ನೋಡಿದೆ, ಟೈಮ್ ಉಂಟು ಇನ್ನೂ. ನಿನ್ನೆ ಹೆಂಡ್ತಿ ಹತ್ರ ಈ ರಿನ್ಯೂ ವಿಷ್ಯ ಫಸ್ಟ್ ಟೈಮ್ ಬಾಯಿಬಿಟ್ಟು ಹೇಳಿದೆ, ಇಷ್ಟು ದಿನ ನಾನೇ ಡಿಸೈಡ್ ಮಾಡಿ ಮತ್ತೆ ಹೇಳುವ ಅಂತ ಇದ್ದೆ. ಅವಳು ಕೇಳಿದ್ದು ಮನೆ ಲೋನ್ ಇನ್ನೆಷ್ಟು ಬಾಕಿ, ನಾನು ಹೊಲಿಗೆ ಮಿಷನ್ ಹಾಕಿದ್ರೆ ತಿಂಗಳಿಗೆ ಎಷ್ಟಾಗ್ಬಹುದು, ನೀವು ಬೈಂದೂರಲ್ಲೋ ಮಣಿಪಾಲದಲ್ಲೋ ಪ್ಲಂಬಿಂಗ್ ಕಾಂಟ್ರಾಕ್ಟ್ ಹಿಡಿದ್ರೆ ಎಷ್ಟು. ಪುಸ್ತಕ ಪೆನ್ ಹಿಡ್ಕೊಂಡು ಕೂತಿದ್ಳು. ಮುಕ್ಕಾಲು ಗಂಟೆ ಮಾತಾಡಿದ್ದೇವೆ, ಡೇಟಾ ಪ್ಯಾಕ್ ಖಾಲಿ. ಮಧ್ಯದಲ್ಲಿ ಜಗಳವೂ ಆಯ್ತು, ನನ್ನ ತಂಗಿ ಮದುವೆಗೆ ಕೊಟ್ಟ ದುಡ್ಡಿನ ವಿಷ್ಯಕ್ಕೆ. ಲೆಕ್ಕ ಪೂರ್ತಿ ಆಗ್ಲಿಲ್ಲ, ನಾಳೆ ಬೆಳಗ್ಗೆ ಬಸ್ಸಲ್ಲಿ ಕಂಟಿನ್ಯೂ.

ಊರಲ್ಲೇ ಇರೋಳು
ಬಸ್ಸಲ್ಲಿ ಜಗಳ ಬೇಡ, ಪಕ್ಕದ ಸೀಟಿನವರಿಗೆ ಬಾಯಿಪಾಠ ಆಗತ್ತೆ.

ಬೀದರ್ ಎಸಿ ಮೆಕ್ಯಾನಿಕ್
ವಾಯ್ಸ್ ಮೆಸೇಜ್‌ನ್ಯಾಗ ಜಗಳಾಡ್ರಿ ಅಣ್ಣಾರ, ಇಬ್ರೂ ಪೂರಾ ಮುಗಿಸೇ ಬಿಡಬಹುದು, ನಡುವ ಯಾರೂ ಬಾಯಿ ಹಾಕಂಗಿಲ್ಲ.

ಭಟ್ಕಳದ ಅಡುಗೆಯವ
ಜುಬೈಲ್ ದಮ್ಮಾಮಿನವರು ಈ ಶುಕ್ರವಾರ ಖೋಬರ್ ಕಡೆ ಬರುವವರಿದ್ರೆ ಹೇಳಿ. ಬಂಗುಡೆ ಒಳ್ಳೇದು ಬಂದಿದೆಯಂತೆ, ಕೋರಿ ರೊಟ್ಟಿ ಪ್ಯಾಕೆಟ್ ನನ್ನ ಹತ್ರ ಉಂಟು. ಬರುವವರು ತೆಂಗಿನಕಾಯಿ ತರ್ಬೇಕು, ಇಲ್ಲಿಯ ತೆಂಗಿನಕಾಯಿ ಒಡೆಯುವಾಗ ಅರ್ಧ ಹಾಳಿರ್ತವೆ, ಅಲುಗಾಡಿಸಿ ನೋಡಿ ತನ್ನಿ.